ಯಾವಾಗ ಬರ್ತಿ ಅಂತ ಕೇಳದವನು

ಹುಮನಾಬಾದ್ ಇನ್ನೇನು ಬಂತು ಅನ್ನುವಾಗ ಬಸ್ಸು ಗಕ್ಕನೆ ನಿಂತಿತು. ರಸ್ತೆ ತುಂಬ ಕುರಿಗಳು!

ರುಕ್ಮಿಣಿ ಕಿಟಕಿಯಿಂದ ಇಣುಕಿದಳು. ಹಿಂಡಿನ ನಡುವೆ, ಹೆಗಲ ಮೇಲೆ ಕಂಬಳಿ ಹೊತ್ತವನು... ಅಮೋಘಸಿದ್ದ! ಸೋದರಮಾವನ ಮಗ. ನಾಲ್ಕು ವರ್ಷದ ಮೇಲೆ ಕಂಡವನು. ಅವಳು ಗಡಬಡಿಸಿ ಸೆರಗು ಸರಿಮಾಡಿಕೊಂಡಳು.

ಅವನೂ ನೋಡಿದ. ಕಿಟಕಿಯ ಹತ್ತಿರ ಬಂದ.

"ಬಂದೇನು ರುಕ್ಮಿ? ಮತ್ತ ಯಾವಾಗ ಹೋಗ್ತಿ?"

ಅಯ್ಯೋ ದೇವರೇ! ಬಂದವಳು ಇನ್ನೂ ಬಸ್ಸಿನಿಂದ ಇಳಿದಿಲ್ಲ, ಆಗಲೇ ಹೋಗುವ ಮಾತು! ಅವಳಿಗೆ ಮೈಯೆಲ್ಲ ಉರಿದು ಹೋಯಿತು.

ಅದು ೧೯೮೧. ಕೆನಡಾದ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದ ರುಕ್ಮಿಣಿಗೆ ಅಲ್ಲಿ ಕಾಯಂ ಆಗಿ ಇರುವ ಹಕ್ಕು ಸಿಕ್ಕಿತ್ತು. ತಾಯಿ ತುಳಜಾಬಾಯಿ ಬಿದ್ದು ಸೊಂಟ ಮುರಿದುಕೊಂಡಳೆಂದು ಓಡಿ ಬಂದಿದ್ದಳು. ಆದರೆ ಅಲ್ಲಿಯ ಕಾಯಿದೆ ಬಿಗಿ. ವರ್ಷದಲ್ಲಿ ಆರು ತಿಂಗಳಿಗಿಂತ ಹೆಚ್ಚು ಹೊರಗಿದ್ದರೆ ಆ ದೇಶ ಬಿಟ್ಟುಕೊಟ್ಟ ಹಾಗೇ. ಆಮೇಲೆ ಹಕ್ಕೂ ಇಲ್ಲ, ನೌಕರಿಯೂ ಇಲ್ಲ.

ತುಳಜಾಬಾಯಿ ಕೋಲು ಹಿಡಿದು ನಡೆಯುವಂತಾದಳು. ಅಮೋಘ ವಾರ ವಾರ ಹಾಲು ತಂದುಕೊಡುತ್ತಿದ್ದ. ಬಂದಾಗಲೆಲ್ಲ ಅದೇ ರಾಗ!

"ಆರು ತಿಂಗಳ ಮುದತ್ತು ಮುಗೀಲಾಕ ಬಂತಲ್ಲ ರುಕ್ಮಿ?"

'ನಾನು ತೊಲಗಿದರೆ ಸಾಕಾಗಿದೆ ಇವನಿಗೆ' ಎಂದುಕೊಂಡು ಅವಳು ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದಳು. ಇರು ಅಂತ ಅವನೊಂದು ಮಾತು ಅಂದರೆ ಸಾಕು, ಕೆನಡಾ ಗಿನಡಾ ಎಲ್ಲ ಬಿಟ್ಟುಬಿಡುತ್ತಿದ್ದಳು ಹುಚ್ಚಿ!

ಮುದತ್ತಿಗೆ ಒಂದೇ ವಾರ ಉಳಿದಾಗ ತಡೆಯಲಾಗಲಿಲ್ಲ. ಬಸವಕಲ್ಯಾಣದ ಬಸ್ಸು ಹತ್ತಿ, ಅಲ್ಲಿಂದ ಅವನ ಊರು ಮೋರಖಂಡಿಯ ಹೊಲಕ್ಕೇ ಹೋದಳು. ಅಮೋಘ ಕುರಿಹಟ್ಟಿಗೆ ಮುಳ್ಳು ಹಚ್ಚುತ್ತಿದ್ದ.

"ಮುಂದಿನ ವಾರ ಹೊಂಟೀನಿ ಮಾವ. ಖುಷಿ ಆತಿಲ್ಲ?"

ಅವನು ಕೈಯಲ್ಲಿ ಮುಳ್ಳುಕಂಟಿ ಹಿಡಿದು ನಿಂತುಬಿಟ್ಟ.

"ನಾಲ್ಕು ವರ್ಷದ ಹಿಂದ ನಾ ಕೆನಡಾಕ್ಕ ಹೊಂಟಾಗೂ ಹಿಂಗೇ ನಿಂತಿದ್ದಿ! ಯಾವಾಗ ಬರ್ತಿ ಅಂತ ಒಂದು ಮಾತು ಕೇಳಲಿಲ್ಲ. ಈಗೂ ಕೇಳವಲ್ಲಿ. ನಾ ಯಾರೂ ಅಲ್ಲೇನು ನಿನಗ?"

ಅಮೋಘ ಕಕ್ಕಾಬಿಕ್ಕಿಯಾದ.

"ಹೊಂಟವರಿಗೆ ಹಂಗ ಕೇಳಬಾರದಲ್ಲ ರುಕ್ಮಿ! ನಮ್ಮಪ್ಪ ಕುರಿ ಹೊಡಕೊಂಡು ದೂರ ಹೊಂಟಾಗ ಅವ್ವ ಎಂದೂ ಕೇಳಿಲ್ಲ. ಕೇಳಿದ್ರ ದಾರಿ ಉದ್ದ ಆಗ್ತದ ಅಂತಾರ. ನಿಂಗ ಗೊತ್ತಿಲ್ಲೇನು?"

ಹೇಗೆ ಗೊತ್ತಿರಬೇಕು? ಅವಳು ಹುಟ್ಟುವ ಮೊದಲೇ ಅಪ್ಪ ಕುರಿ ಮಾರಿ ಹುಮನಾಬಾದಿನಲ್ಲಿ ಲಾರಿ ಓಡಿಸಲು ನಿಂತಿದ್ದ.

"ಮತ್ತ... ಹೋಗು ಹೋಗು ಅಂತ ಯಾಕ ಗಂಟುಬಿದ್ದಿದ್ದಿ?"

"ಆ ಹಕ್ಕು ನೀ ಹಗಲೂ ರಾತ್ರಿ ದುಡಿದು ಗಳಿಸಿದ್ದು. ನನ್ನ ಸಲುವಾಗಿ ಅದು ಹೋದ್ರ, ನಾ ಹ್ಯಾಂಗ ನಿನ್ನ ಮುಖ ನೋಡ್ಲಿ?"

"ನಾ ಹೋಗಂಗಿಲ್ಲ ಬಿಡು!"

"ಹೋಗಬೇಕು. ನಾವು ತಿಂಗಳಾನುಗಟ್ಟಲೆ ಕುರಿ ಹಿಂದ ತಿರುಗ್ತೀವಿ. ಹಂಗಂತ ಊರು ನಮ್ಮದಲ್ಲೇನು? ಆದ್ರ..." ಅವನ ದನಿ ತಗ್ಗಿತು. "ಹೋಗೂಕಿಂತ ಮೊದಲ ಲಗ್ನ ಆಗೂಣು. ನೀ ನನಗ ಬೇಕು ರುಕ್ಮಿ. ಮೊದಲಿಂದಲೂ ಬೇಕು."

ಆ ಮಾತಿಗಾಗಿ ಅವಳು ಎಷ್ಟು ಕಾದಿದ್ದಳೋ! ಅಲ್ಲೇ ಬದುವಿನ ಮೇಲೆ ಕುಸಿದು ಕೂತು ಅತ್ತುಬಿಟ್ಟಳು. ಅಮೋಘ ಪಕ್ಕದಲ್ಲಿ ಕೂತು ಮೆಲ್ಲನೆ ಅವಳ ಕೈ ಹಿಡಿದ.

"ಲಗ್ನ ಆದ ಮ್ಯಾಲ ಗಂಡನ್ನ ಬಿಟ್ಟು ಹ್ಯಾಂಗ ಹೋಗ್ಲಿ?"

"ನಮ್ಮ ಮನ್ಯಾಗ ಇಷ್ಟು ದಿನ ಹೆಣ್ಮಕ್ಕಳೇ ಕಾದಾರ. ಈ ಸಲ ಗಂಡಸು ಕಾಯ್ಲಿ."

ಅಳುತ್ತಲೇ ನಕ್ಕಳು ರುಕ್ಮಿಣಿ.

"ಕಾಯೂದು ಭಾಳ ತ್ರಾಸದ ಮಾವ..."

"ಗೊತ್ತದ," ಎಂದ ಅಮೋಘ. "ನಾಲ್ಕು ವರ್ಷ ಅದನ್ನೇ ಮಾಡೀನಲ್ಲ."