ಫ್ಲಾಸ್ಕಿನೊಳಗಿನ ಅಮ್ಮ

"ಏಳನೇ ಕ್ಲಾಸಿಗೇ ಶರಣು ಹೊಡೆದು ಬಂದವನ ಕೈಗೆ ಮೈಕ್ರೋಸ್ಕೋಪ್ ಕೊಟ್ರೆ ಇನ್ನೇನಾಗತ್ತೆ? ಬಾಟ್ಲಿ ತೊಳೆಯೋನು ಬಾಟ್ಲಿ ತೊಳ್ಕೊಂಡು ಬಿದ್ದಿರಬೇಕು!"

ಲ್ಯಾಬಿನ ಮುಖ್ಯಸ್ಥರು ಹೀಗೆ ಅಂದದ್ದು ಸೋಮವಾರದ ಮೀಟಿಂಗಿನಲ್ಲಿ, ಹನ್ನೊಂದು ಜನರ ಎದುರಿಗೆ. ಯಾರೋ ಕಿಸಕ್ಕೆಂದರು. ಬಾಗಿಲ ಬಳಿ ನಿಂತಿದ್ದ ಅವನ ಕಿವಿ ಕಾದುಹೋಯಿತು. ಅವನು ಅಲ್ಲಿ ಕೋಶ ಬೆಳೆಸುವವಳೊಬ್ಬಳನ್ನೇ ನೋಡಿದ. ಅವಳು ಮೇಜಿನ ಮೇಲಿದ್ದ ಪೆನ್ನನ್ನು ನೋಡುತ್ತಿದ್ದಳು.

"ನಲವತ್ತೊಂದಕ್ಕೆ ಇವತ್ತೇ ಬ್ಲೀಚ್ ಹಾಕು. ಒಂದು ಫ್ಲಾಸ್ಕೂ ಉಳೀಬಾರದು."

ನಲವತ್ತೊಂದು ಅಂದರೆ ಅವನ ಅಮ್ಮ.

ಕ್ಯಾನ್ಸರ್ ಗಡ್ಡೆಯ ತುಣುಕಿನಿಂದ ಜೀವಕೋಶಗಳನ್ನು ಬೆಳೆಸಿ, ಯಾವ ಹೊಸ ಔಷಧಿ ಯಾರ ಗಡ್ಡೆಗೆ ತಾಗುತ್ತದೆ ಎಂದು ನೋಡುವ ಲ್ಯಾಬ್ ಅದು. ಆಪರೇಷನ್ ದಿನ ಒಪ್ಪಿಗೆಯ ಕಾಗದಕ್ಕೆ ಸಹಿ ಹಾಕಿದವನು ಅವನೇ. ಅಮ್ಮನ ಗಡ್ಡೆಯ ತುಣುಕು ಹಾಕಿದ ಡಬ್ಬಿಯ ಮೇಲಿನ ನಲವತ್ತೊಂದರ ನಂಬರು ಕಣ್ಣಿಗೆ ಅಂಟಿಕೊಂಡುಬಿಟ್ಟಿತ್ತು. ಅಮ್ಮ ತೀರಿಕೊಂಡ ತಿಂಗಳಿಗೆ ಅಲ್ಲೇ ಗಾಜು ತೊಳೆಯುವ ಕೆಲಸ ಹಿಡಿದ. ಮೂರನೇ ದಿನ, ಕೋಶ ಬೆಳೆಸುವ ಅವಳ ಹತ್ತಿರ ಹೋಗಿ ಕೇಳಿದ: "ಮೇಡಂ, ನಲವತ್ತೊಂದು ಇನ್ನೂ ಇದೆಯಾ?"

"ಇದೆ. ಯಾಕೆ?"

"ನಮ್ಮಮ್ಮ."

ಅವಳು ಸ್ಟೂಲು ಎಳೆದು ಕೊಟ್ಟಳು. ಮೈಕ್ರೋಸ್ಕೋಪಿನ ಬೂದು ಬೆಳಕಿನಲ್ಲಿ ಕೋಶಗಳು ಚಳಿಗೆ ಮುದುಡಿ ಮಲಗಿದವರ ಹಾಗೆ ಒಂದಕ್ಕೊಂದು ಒತ್ತಿಕೊಂಡಿದ್ದವು.

ಆಮೇಲೆ ದಿನವೂ ಊಟಕ್ಕೆ ಮುಂಚೆ ಅವನು ಅಲ್ಲಿ ಹಾಜರು.

"ಅಮ್ಮ ಹೇಗಿದ್ದಾಳೆ ಮೇಡಂ?"

"ಹಟಮಾರಿ. ವಾರದಿಂದ ಒಂದು ಕೋಶಾನೂ ಒಡೆದು ಎರಡಾಗಿಲ್ಲ. ಮಗನ ಥರಾನೇ."

"ನಾನೇನು ಹಟ ಮಾಡಿದೆ?"

"ಮೇಡಂ ಅನ್ಬೇಡ ಅಂತ ಎಷ್ಟು ಸಲ ಹೇಳಿದೀನಿ?"

ಮಾಸ್ಕಿನ ಮೇಲೆ ಅವಳ ಕಣ್ಣಂಚು ಸಣ್ಣಗೆ ನೆರಿಗೆಗಟ್ಟುತ್ತಿತ್ತು. ಆ ಒಂದು ನೆರಿಗೆಯಿಂದ ಪೂರ್ತಿ ನಗುವನ್ನು ಓದಲು ಅವನು ಕಲಿತುಬಿಟ್ಟ. ಓದು ತಲೆಗೆ ಹತ್ತದವನು ಅಂತ ಮೇಷ್ಟ್ರು ಬೈದದ್ದು ಸುಳ್ಳಾಯಿತು.

ಒಂದು ದಿನ ನೋಡಿದರೆ ಫ್ಲಾಸ್ಕಿನ ತಳವೆಲ್ಲ ತುಂಬಿಹೋಗಿತ್ತು. "ಅಮ್ಮ ಎದ್ದಳು!" ಎಂದು ಕೂಗಿಬಿಟ್ಟ.

"ನಿಮ್ಮಮ್ಮನ್ನ ತಿಂದಿದ್ದೇ ಇದು ಕಣೋ," ಅವಳು ಮೆಲ್ಲಗೆ ಅಂದಳು. "ಇದು ಬೆಳೆದ್ರೆ ಕುಣಿಯೋ ಮಗ ನೀನೊಬ್ನೇ."

ಆವತ್ತಿನಿಂದ ಗಾಜು ತೊಳೆಯುವಾಗ ಬೆನ್ನ ಹಿಂದೆ ಯಾರೋ ನೋಡುತ್ತಿದ್ದಾರೆ ಅನಿಸತೊಡಗಿತು. ಕೋಶಗಳನ್ನಿಡುವ ಬೆಚ್ಚಗಿನ ಪೆಟ್ಟಿಗೆಯ ಬಾಗಿಲಿಗೆ ಅಂಗೈ ಒತ್ತುತ್ತಿದ್ದ. ಒಳಗೆ ಮೂವತ್ತೇಳು ಡಿಗ್ರಿ, ಥೇಟ್ ಮೈಯ ಬಿಸಿ. "ಬಂದೆ ಕಣಮ್ಮ," ಅನ್ನುತ್ತಿದ್ದ.

ಐದು ತಿಂಗಳ ಮೇಲೆ, ಹೋದ ಶುಕ್ರವಾರ, ಯಾವ ಕೋಶ ಯಾರದು ಎಂದು ಹೇಳುವ ಗುರುತಿನ ಪರೀಕ್ಷೆಯ ರಿಪೋರ್ಟ್ ಬಂತು. ನಲವತ್ತೊಂದರಲ್ಲಿ ನಲವತ್ತೊಂದೇ ಇರಲಿಲ್ಲ. ಬೇರೆ ಫ್ಲಾಸ್ಕಿನ, ಕಾಡುಬಳ್ಳಿಯಂತೆ ಹಬ್ಬುವ ಹಳೇ ಜಾತಿಯ ಕೋಶಗಳು ಒಂದು ಹನಿಯಲ್ಲಿ ಒಳನುಗ್ಗಿ, ಅಮ್ಮನದನ್ನು ಒತ್ತರಿಸಿ ತಾವೇ ತುಂಬಿಕೊಂಡಿದ್ದವು.

ಅಪವಾದ, ದಿನವೂ ಮೈಕ್ರೋಸ್ಕೋಪಿನ ಬಳಿ ಕೂರುತ್ತಿದ್ದ ಬಾಟ್ಲಿ ತೊಳೆಯುವವನ ತಲೆಗೆ ಬಂತು.

ಮೀಟಿಂಗ್ ಮುಗಿದ ಮೇಲೆ ತೊಳೆಯುವ ಕೋಣೆಯಲ್ಲಿ ಆರು ಫ್ಲಾಸ್ಕುಗಳನ್ನು ಸಾಲಾಗಿ ಇಟ್ಟ. ಮೊದಲನೆಯದಕ್ಕೆ ಬ್ಲೀಚ್ ಸುರಿದ. ಕೋಶಗಳಿಗೆ ಊಟವಾಗುವ ಗುಲಾಬಿ ಮೀಡಿಯಂ ನೋಡನೋಡುತ್ತಲೇ ಬಿಳಿಚಿಕೊಂಡಿತು. ಹಿಂದೆ ಬಾಗಿಲು ಸದ್ದಾಯಿತು.

"ನಿನ್ನ ತಪ್ಪಲ್ಲ. ನಂದು," ಅಂದಳು ಅವಳು.

ಅವನು ಎರಡನೆಯದಕ್ಕೆ ಸುರಿದ.

"ಎರಡು ಥರದ ಕೋಶಕ್ಕೆ ಒಂದೇ ಬಾಟ್ಲಿ ಮೀಡಿಯಂ ಹಾಕಬಾರದು. ಕಲಿಸಿಕೊಡೋ ಮೊದಲ ಪಾಠಾನೇ ಅದು. ಅವತ್ತು ನೀನು ಪಕ್ಕದಲ್ಲಿ ಕೂತು, ಜ್ವರ ಬಂದಾಗ ನಿಮ್ಮಮ್ಮ ಶಾಲೆಗೆ ಬಂದು ಹೊತ್ಕೊಂಡು ಹೋದ ಕಥೆ ಹೇಳ್ತಿದ್ದೆ. ನಾನು ನಿನ್ನ ಮುಖ ನೋಡ್ತಾ ಕೂತುಬಿಟ್ಟೆ. ಬಾಟ್ಲಿ ನೋಡ್ಲಿಲ್ಲ."

"ಮುಂಚೆ ಫ್ರೀಜ್ ಮಾಡಿಟ್ಟಿದ್ದು ಉಳಿದಿಲ್ವಾ?"

"ಎಲ್ಲಾ ಬೆರೆತ ಮೇಲೆ ಇಟ್ಟಿದ್ದೇ."

"ಹಾಗಾದ್ರೆ ಇಷ್ಟು ದಿನ ನಾನು ಮಾತಾಡ್ಸಿದ್ದು ಯಾರನ್ನ?"

"ಯಾರೋ ಗಂಡಸು. ಆ ಹಳೇ ಕೋಶ ಅವನ ಗಡ್ಡೇದು. ಸತ್ತು ನಲವತ್ತು ವರ್ಷ ಆಗಿದೆಯಂತೆ."

ಅವನಿಗೆ ನಗು ಬಂತು. ಹೆಸರಿಲ್ಲದ ಒಬ್ಬ ಸತ್ತವನು ಬೆಚ್ಚಗೆ ಕೂತು, ತನ್ನದಲ್ಲದ ಕರೆಗೆಲ್ಲ ಕಿವಿಗೊಟ್ಟಿದ್ದ.

"ಇದನ್ನ ಅವರೆಲ್ಲರ ಮುಂದೆ ಯಾಕೆ ಹೇಳ್ಲಿಲ್ಲ?"

"ಹೆದರಿದೆ." ಅವಳು ಮಾಸ್ಕ್ ಕೆಳಗೆಳೆದಳು. "ಈಗ ಹೋಗಿ ಹೇಳ್ತೀನಿ. ಕೆಲಸ ಹೋದ್ರೆ ಹೋಗ್ಲಿ. ನನಗೆ ನಿನ್ನ ಮೇಲೆ ಎಷ್ಟು ಜೀವ ಅಂತ ನಿನಗೂ ಗೊತ್ತು. ಇಷ್ಟೆಲ್ಲ ಆದಮೇಲೂ ನಾನು ಬೇಕಾ ನಿನಗೆ?"

ಆರನೆಯ ಫ್ಲಾಸ್ಕೂ ಬಿಳಿಚಿತು.

ಬಾಯಿ ತೆರೆದರೆ 'ಬೇಕು' ಅಂತಲೇ ಬರುತ್ತಿತ್ತು. ಎದೆಯಲ್ಲಿ ಕುದಿಯುವ ಅಷ್ಟು ಸಿಟ್ಟಿನ ತಳದಲ್ಲಿ ಇದ್ದದ್ದು ಅದೊಂದೇ ಮಾತು. ಆದರೆ ಅಮ್ಮ ಎರಡನೇ ಸಲ ಸತ್ತ ಜಾಗದಲ್ಲಿ ನಿಂತು ಅದನ್ನು ಆಡಲು ನಾಲಿಗೆ ಏಳಲಿಲ್ಲ. ಗ್ಲೌಸ್ ಕಳಚಿ ಸಿಂಕಿನ ಅಂಚಿಗೆ ಹಾಕಿದ. ಅವಳ ಭುಜ ತಾಗದ ಹಾಗೆ ಓರೆಯಾಗಿ ದಾಟಿಕೊಂಡು, ಬಿಸಿಲು ಬಿದ್ದ ಕಾರಿಡಾರಿನುದ್ದಕ್ಕೂ ನಡೆದುಬಿಟ್ಟ.