ಒದ್ದೆಯಾದಾಗ ಕಾಣುವ ಗೆರೆ

“ಆ ಕಲ್ಲು ನಿಮಗಲ್ಲ!”

ಹಿಂದಿನಿಂದ ಬಂದ ದನಿಗೆ ಅವಳು ಬೆಚ್ಚಿ ಕೈ ಹಿಂದಕ್ಕೆಳೆದುಕೊಂಡಳು.

ಕಲ್ಲಿನ ಗೋದಾಮಿನ ಕಟ್ಟಕಡೆಯ ಸಾಲು ಅದು. ತಿರುಗಿ ನೋಡಿದರೆ, ಕೈಯಲ್ಲಿ ನೀರಿನ ಪೈಪು ಹಿಡಿದು, ಹುಬ್ಬಿನವರೆಗೂ ಬಿಳಿ ಪುಡಿ ಮೆತ್ತಿಕೊಂಡ ಒಬ್ಬ ಉದ್ದನೆಯ ಮನುಷ್ಯ ನಿಂತಿದ್ದ. ಕಲ್ಲು ಕುಯ್ಯುವವನು ಅಂತ ಯಾರೂ ಹೇಳಬೇಕಾಗಿರಲಿಲ್ಲ.

“ಯಾಕೆ? ನನಗೆ ಯಾವ ಕಲ್ಲು ಆಗುತ್ತೆ ಅಂತ ನನ್ನ ಮುಖದ ಮೇಲೆ ಬರೆದಿದೆಯಾ?”

“ಅಡುಗೆಮನೆ ಕಟ್ಟೆಗೆ ತಾನೇ? ಕರಿ ಗ್ರಾನೈಟ್ ತಗೊಳ್ಳಿ ಮೇಡಂ. ಎಲ್ಲರೂ ಅದನ್ನೇ ತಗೊಳ್ಳೋದು.”

“ಎಲ್ಲರೂ ತಗೊಳ್ಳೋದು ಬೇಡ ಅಂತಾನೇ ಒಂಬತ್ತು ಅಂಗಡಿ ಸುತ್ತಿ ಇಲ್ಲಿಗೆ ಬಂದಿರೋದು!”

ಸುಳ್ಳಲ್ಲ, ಒಂಬತ್ತು ಅಂಗಡಿ ಸುತ್ತಿದ್ದಳು. ಕೇಕ್, ಬಿಸ್ಕತ್ತು ಮಾಡಿ ಮಾರುವವಳು ಅವಳು. ಆರು ವರ್ಷ ಬಾಡಿಗೆ ಮನೆಗಳ ಮುರುಕು ಕಟ್ಟೆಗಳ ಮೇಲೆ ಹಿಟ್ಟು ಲಟ್ಟಿಸಿ, ಈಗ ಸ್ವಂತ ದುಡಿಮೆಯಲ್ಲಿ ಸ್ವಂತ ಅಡುಗೆಮನೆ ಮಾಡಿಸುತ್ತಿದ್ದಳು. ಮೂವತ್ತೊಂದು ವರ್ಷದಲ್ಲಿ ತನಗಾಗಿ ತಾನೇ ಆರಿಸಿಕೊಳ್ಳುತ್ತಿದ್ದ ಮೊದಲ ವಸ್ತು ಈ ಕಲ್ಲು. ಅದನ್ನೂ ಬೇರೆಯವರು ಬೇಡ ಅಂದರೆ ಸಿಟ್ಟು ಬರದೆ ಇರುತ್ತದಾ?

ಅವನು ಪೈಪು ಇತ್ತ ತಿರುಗಿಸಿದ. ಚಪ್ಪಡಿಯ ಮೇಲೆ ನೀರು ಬಿಟ್ಟ.

ಧೂಳು ಹಿಡಿದು ಮಂಕಾಗಿದ್ದ ಕಲ್ಲು, ಕೆರೆಯ ತಳದ ಪಾಚಿಯಂಥ ಹಸಿರಾಗಿ ತೆರೆದುಕೊಂಡಿತು. ಅದರ ಉದ್ದಕ್ಕೂ ಕಂದು ಬಣ್ಣದ ಒಂದು ಪಟ್ಟಿ ಸೊಟ್ಟಗೆ ಹರಿದಿತ್ತು.

“ಚೆಂದ ಇದೆ, ಇಲ್ಲ ಅನ್ನಲ್ಲ,” ಅಂದ ಅವನು. “ಆದ್ರೆ ಈ ಕಂದು ಪಟ್ಟಿ ಇರೋ ಕಡೆ ಬಲ ಕಡಿಮೆ. ಸಿಂಕಿಗೆ ಜಾಗ ಕುಯ್ಯುವಾಗ ಒಡೀಬಹುದು. ಇಂಥದ್ದು ಇದೊಂದೇ ಇರೋದು. ಒಡೆದ್ರೆ ಇನ್ನೊಂದು ಸಿಗಲ್ಲ.”

‘ತಾನು ಮಾರೋ ಸರಕಿನ ಕುಂದನ್ನ ತಾನೇ ಹೇಳೋ ಮನುಷ್ಯನೂ ಇದ್ದಾನಾ...!’

ಅವಳ ಸಿಟ್ಟು ಅರ್ಧಕ್ಕರ್ಧ ಇಳಿಯಿತು. ಮಿಕ್ಕರ್ಧ ಏನಾಯಿತು ಅಂತ ಅವಳಿಗೂ ತಿಳಿಯಲಿಲ್ಲ.

“ಇದೇ ಬೇಕು. ನೀವೇ ಕುಯ್ದು ಕೊಡಿ,” ಅಂದಳು.

* * *

ಅಳತೆಗೆ ಅಂತ ಒಂದು ದಿನ ಬಂದ. ಗೋಡೆ ಸೊಟ್ಟಗಿದೆ, ಇನ್ನೊಮ್ಮೆ ನೋಡಬೇಕು ಅಂತ ಮತ್ತೆ ಬಂದ. ಮೂರನೇ ಸಲ ಬಂದಾಗ ಗೋಡೆಗೆ ಏನೂ ಆಗಿರಲಿಲ್ಲ. ಅದು ಇಬ್ಬರಿಗೂ ಗೊತ್ತಿತ್ತು!

ಅವಳ ಅಕ್ಕ ಎರಡು ಬೀದಿ ಆಚೆ ಇದ್ದಳು. ಅವಳ ಬಾಯಲ್ಲಿ ಅವನು ‘ಕಲ್ಲಪ್ಪ’ ಆಗಿಬಿಟ್ಟ. “ಏನೇ ಪುಟ್ಟಿ, ನಿನ್ನ ಕಲ್ಲಪ್ಪ ಇವತ್ತು ಯಾವ ಗೋಡೆ ಅಳೆಯೋಕೆ ಬರ್ತಾನೆ?” ಅಂತ ಛೇಡಿಸುತ್ತಿದ್ದಳು. ಅವರಿಬ್ಬರ ನಡುವೆ ‘ನೀವು’ ಹೋಗಿ ‘ನೀನು’ ಬಂತು. ಅವನು ಬಂದಾಗಲೆಲ್ಲ ಚಹಾ, ಜೊತೆಗೊಂದು ತುಂಡು ಕೇಕ್.

ಒಂದು ಸಂಜೆ ಅವಳು ಯಾರಿಗೂ ಹೇಳದ್ದನ್ನು ಅವನಿಗೆ ಹೇಳಿದಳು.

ಎರಡು ವರ್ಷದ ಹಿಂದೆ ಅವಳ ಮದುವೆ ನಿಂತುಹೋಗಿತ್ತು. ನಿಶ್ಚಯವಾಗಿದ್ದ ಹುಡುಗ ಬೇರೆ ಹುಡುಗಿಯ ಜೊತೆ ಹೊರಟುಹೋಗಿದ್ದ. ಅವಳ ಅಪ್ಪ, ಅಮ್ಮ, ಅಕ್ಕ ಮೂವರಿಗೂ ಆ ಸುದ್ದಿ ಮೊದಲೇ ತಲುಪಿತ್ತು. ಅವಳಿಗೆ ಮಾತ್ರ ಮೂರು ದಿನ ಯಾರೂ ಹೇಳಲಿಲ್ಲ.

“ಮದುವೆಗೆ ತಂದ ಹೊಸ ಚಪ್ಪಲಿ ಕಚ್ಚಬಾರದು ಅಂತ ಮೂರು ದಿನ ಅದನ್ನ ಹಾಕ್ಕೊಂಡು ಮನೆಯೊಳಗೆಲ್ಲ ಓಡಾಡಿದೆ. ಎಲ್ಲರೂ ನೋಡ್ತಾ ಕೂತಿದ್ರು. ಒಬ್ಬರೂ ಬಾಯಿ ಬಿಡಲಿಲ್ಲ. ಅವನು ಹೋಗಿದ್ದು ಮರೆತೆ. ಆ ಚಪ್ಪಲಿ ಮರೆಯೋಕೆ ಆಗಲ್ಲ...”

ಅವನು ಕೈಯಲ್ಲಿದ್ದ ಚಹಾ ಲೋಟ ಕೆಳಗಿಟ್ಟ.

“ನಂಗೆ ಏನು ಬೇಕಾದ್ರೂ ಹೇಳು,” ಅಂದಳು ಅವಳು, ಕಣ್ಣೊರೆಸಿಕೊಂಡು. “ಕೆಟ್ಟದ್ದಾದ್ರೂ ಹೇಳು. ಮುಚ್ಚಿಡಬೇಡ, ಅಷ್ಟೇ.”

“ಇಲ್ಲ,” ಅಂದ ಅವನು. “ಮುಚ್ಚಿಡಲ್ಲ.”

ಬಿಸಿ ಹಾಲಿಗೆ ಬಾಯಿ ಸುಟ್ಟುಕೊಂಡವರು ಮಜ್ಜಿಗೆಯನ್ನೂ ಊದಿ ಕುಡಿಯುತ್ತಾರಂತೆ. ಅವಳು ಅವತ್ತು ಊದದೆ ಕುಡಿದಳು.

* * *

ಹಸಿರು ಕಲ್ಲು ಕಟ್ಟೆಯಾಗಿ ಕೂತಿತು. ಬಂದವರೆಲ್ಲ “ಎಲ್ಲಿಂದ ತಂದ್ರಿ ಇದನ್ನ!” ಅಂತ ಕೇಳಿದರು. ಅವಳು ಮಹಾರಾಣಿಯಂತೆ ಓಡಾಡಿದಳು. ಬರುವ ಭಾನುವಾರ ಅವನ ಅಮ್ಮ ಮದುವೆ ಮಾತಾಡಲು ಬರುವುದೂ ನಿಶ್ಚಯವಾಯಿತು.

ಕಟ್ಟೆ ಕೂರಿಸಿ ಇಪ್ಪತ್ತು ದಿನವಾಗಿತ್ತು. ಬೆಳಿಗ್ಗೆ ಒಂದು ದೊಡ್ಡ ಕೇಕಿಗೆ ಹಿಟ್ಟು ಕಲಸುವ ಮೊದಲು ಅವಳು ಒದ್ದೆ ಬಟ್ಟೆಯಲ್ಲಿ ಕಟ್ಟೆ ಒರೆಸುತ್ತಿದ್ದಳು. ಕನ್ನಡಿಯಂಥ ಹೊಳಪು ಬೇಡ ಅಂದಿದ್ದಳು, ಹಾಗಾಗಿ ನೀರು ಬಿದ್ದರೆ ಕಲ್ಲು ಕಡು ಹಸಿರಾಗುತ್ತಿತ್ತು. ಅವತ್ತು ಕಿಟಕಿಯ ಬಿಸಿಲು ಸಿಂಕಿನ ಮುಂದೆಯೇ ಬಿದ್ದಿತ್ತು. ಕಲ್ಲೆಲ್ಲ ಕಡು ಹಸಿರಾದರೂ ಅಲ್ಲಿ ಕೂದಲೆಳೆಯಷ್ಟು ಸಣ್ಣ ಗೆರೆಯೊಂದು ಮಾತ್ರ ಬೆಳ್ಳಗೆ ಉಳಿಯಿತು.

ನೀರು ಆರಿತು, ಗೆರೆ ಮಾಯ! ಮತ್ತೆ ಒರೆಸಿದಳು, ಗೆರೆ ಮತ್ತೆ ಬಂತು.

‘ಕಲ್ಲಿನದೇ ಗೆರೆ ಇರಬೇಕು... ಹೌದು, ಅದೇ ಇರಬೇಕು...’

ಆದರೂ ಸಿಂಕಿನ ಕೆಳಗಿನ ಬಾಗಿಲು ತೆಗೆದು, ಫೋನಿನ ಟಾರ್ಚು ಹಾಕಿ, ತಲೆ ಒಳಗೆ ತೂರಿಸಿ ಮೇಲಕ್ಕೆ ನೋಡಿದಳು.

ಕಲ್ಲಿನ ಅಡಿಗೆ ಒಂದು ಗೇಣುದ್ದದ ಕಬ್ಬಿಣದ ಪಟ್ಟಿ ಅಂಟಿಸಿತ್ತು. ಬಿರುಕಿನಿಂದ ಇಳಿದ ಅಂಟು ಹನಿ ಹನಿಯಾಗಿ ಗಟ್ಟಿಯಾಗಿತ್ತು.

ಕಲ್ಲು ಒಡೆದಿತ್ತು. ಅದನ್ನು ಯಾರೋ ಕೂಡಿಸಿದ್ದರು. ಎಷ್ಟು ಚೆನ್ನಾಗಿ ಕೂಡಿಸಿದ್ದರೆಂದರೆ, ಇಪ್ಪತ್ತು ದಿನ ಅದೇ ಜಾಗದಲ್ಲಿ ನಿಂತು ಪಾತ್ರೆ ತೊಳೆದರೂ ಅವಳಿಗೆ ಗೊತ್ತಾಗಿರಲಿಲ್ಲ.

ಅವಳು ಅಲ್ಲೇ ನೆಲದ ಮೇಲೆ ಕೂತಳು. ಹಿಟ್ಟಿನ ಡಬ್ಬಿ ತೆರೆದೇ ಇತ್ತು.

* * *

ಮಧ್ಯಾಹ್ನ ಅವನು ಬಂದಾಗ ಅವಳು ಎಂದಿನಂತೆ ಚಹಾ ಕೊಟ್ಟಳು. ಅವನು ಎಂದಿನಂತೆ ಕಟ್ಟೆಗೆ ಒರಗಿ ನಿಂತ. ಸರಿಯಾಗಿ ಆ ಜಾಗದಲ್ಲೇ!

ಒಂದು ಅವಕಾಶ ಕೊಡಬೇಕು ಅಂದುಕೊಂಡಳು. ಒಂದೇ ಒಂದು.

“ಈ ಕಲ್ಲಿನ ವಿಷಯ... ನನಗೆ ಗೊತ್ತಿರಬೇಕಾದ್ದು ಏನಾದ್ರೂ ಇದೆಯಾ?”

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಅವನ ಕೈ ತಾನಾಗಿ ಸಿಂಕಿನ ಅಂಚಿಗೆ ಹೋಯಿತು.

“ಏನಿಲ್ಲ. ಯಾಕೆ?”

‘ಹೇಳು... ದಯವಿಟ್ಟು ಹೇಳು...’

“ಏನೂ ಇಲ್ವಾ?”

“ಇಲ್ಲ.”

ಅವಳು ಬಟ್ಟೆ ಅದ್ದಿ, ಹಿಂಡಿ, ಅವನ ಕಣ್ಣೆದುರೇ ಕಟ್ಟೆ ಒರೆಸಿದಳು. ಗೆರೆ ಬಂತು. ಇಬ್ಬರೂ ಅದನ್ನೇ ನೋಡುತ್ತಾ ನಿಂತರು.

“ಒಡೆದುಹೋಯ್ತು,” ಅಂದ ಅವನು. “ಸಿಂಕಿಗೆ ಕುಯ್ಯುವಾಗ. ಮಷೀನ್ ಸ್ವಲ್ಪ ಬೇಗ ದೂಡಿದೆ. ನನ್ನದೇ ತಪ್ಪು.”

“ಒಡೆದಿದ್ದಕ್ಕೆ ನಾನು ಏನಾದ್ರೂ ಅಂದ್ನಾ?”

“ಮೂರು ದಿನ ಬಣ್ಣ ಕಲಸಿ ಕೂಡಿಸಿದೆ. ನಮ್ಮ ಕೆಲಸದಲ್ಲಿ ಬೆಸುಗೆ ಕಾಣಬಾರದು. ಕಾಣದ ಹಾಗೆ ಮಾಡಿದವನೇ ಒಳ್ಳೆ ಕೆಲಸಗಾರ. ಗಿರಾಕಿಗೆ ಯಾರೂ ಹೇಳಲ್ಲ...”

“ನಾನು ಗಿರಾಕಿನಾ?”

ಅವನು ತಲೆ ತಗ್ಗಿಸಿದ.

“ಚಪ್ಪಲಿ ಕಥೆ ಕೇಳಿದ ಮೇಲೂ...!” ಅವಳು ಬಟ್ಟೆಯನ್ನು ಸಿಂಕಿಗೆ ಎಸೆದಳು. “ಇಪ್ಪತ್ತು ದಿನ ಇಲ್ಲೇ ನಿಂತು ಚಹಾ ಕುಡಿದ್ರಿ. ಬಂದವರಿಗೆಲ್ಲ ನಾನು ಈ ಕಲ್ಲು ತೋರಿಸಿ ಮೆರೀತಿದ್ದೆ, ನೀವು ನೋಡ್ತಾ ನಿಂತಿದ್ರಿ. ಬೇರೆ ಯಾರಿಗೆ ಗೊತ್ತಿದು?”

ಒಂದು ಕ್ಷಣ ತಡೆದು ಅವನಂದ, “ಯಾರಿಗೂ ಗೊತ್ತಿಲ್ಲ.”

“ಭಾನುವಾರ ನಿಮ್ಮ ಅಮ್ಮನ್ನ ಕರ್ಕೊಂಡು ಬರಬೇಡಿ.”

ಮತ್ತೆ ‘ನೀವು’ ಬಂದದ್ದು ಅವನಿಗೆ ತಿಳಿಯಿತು. ಚಹಾ ಲೋಟ ಸದ್ದಿಲ್ಲದೆ ಕೆಳಗಿಟ್ಟು ಹೋದ.

* * *

ಎರಡು ವಾರ ಅವಳು ಕಟ್ಟೆಯ ಮೇಲೆ ಕೆಲಸ ಮಾಡಲಿಲ್ಲ. ಊಟದ ಮೇಜಿನ ಮೇಲೆ ಹಿಟ್ಟು ಲಟ್ಟಿಸಿದಳು. ಫೋನು ಅವನದಾದರೆ ತೆಗೆಯಲಿಲ್ಲ. ಬರದಿದ್ದ ದಿನ ಮಾತ್ರ ಹತ್ತು ಸಲ ನೋಡಿಕೊಂಡಳು!

‘ಅವನು ಸುಳ್ಳುಗಾರ. ಸರಿ. ಆಮೇಲೆ ನನಗ್ಯಾಕೆ ಊಟ ಸೇರ್ತಿಲ್ಲ?’

ಮೂರನೇ ವಾರ ಅಕ್ಕ ಬಂದಳು. ಬಂದವಳು ಛೇಡಿಸಲಿಲ್ಲ, ಕೂರಲೂ ಇಲ್ಲ. ಸೆರಗಿನ ತುದಿ ಬೆರಳಿಗೆ ಸುತ್ತಿ, ಬಿಚ್ಚಿ, ಸುತ್ತಿ ಕೊನೆಗೆ ಬಾಯಿ ಬಿಟ್ಟಳು.

“ಪುಟ್ಟೀ... ಅವತ್ತು ಕಲ್ಲು ಒಡೆದಾಗ ನಾನು ಅಲ್ಲೇ ಇದ್ದೆ ಕಣೇ. ನಮ್ಮ ಮನೆ ಮೆಟ್ಟಿಲಿಗೆ ಕಲ್ಲು ನೋಡೋಕೆ ಹೋಗಿದ್ದೆ.”

ಅವಳ ಕೈಯಲ್ಲಿದ್ದ ಲಟ್ಟಣಿಗೆ ನಿಂತಿತು.

“ಅವನು ಆಗಲೇ ನಿನಗೆ ಫೋನ್ ಮಾಡೋಕೆ ಹೊರಟ. ನಾನೇ ಫೋನ್ ಕಿತ್ಕೊಂಡೆ. ಎರಡು ವರ್ಷ ಆದ್ಮೇಲೆ ಆ ಹಸಿರು ಕಲ್ಲು ನೋಡಿ ನೀನು ನಕ್ಕಿದ್ದೆ. ಮತ್ತೆ ಹಾಸಿಗೆ ಹಿಡೀತೀಯ ಅಂತ ಭಯ ಆಯ್ತು. ಕಾಣದ ಹಾಗೆ ಕೂಡಿಸು, ಹೇಳಬೇಡ ಅಂತ ನನ್ನ ತಲೆ ಮೇಲೆ ಆಣೆ ಹಾಕಿಸ್ಕೊಂಡೆ.”

ಅಕ್ಕ ಕಾಯುತ್ತಿದ್ದಳು. ತಂಗಿ ಕರಗಿ ಅತ್ತು, ‘ಅಯ್ಯೋ, ಅವನ ತಪ್ಪಿಲ್ವಾ!’ ಅಂದುಬಿಟ್ಟರೆ ಎಲ್ಲ ಸರಿಹೋಗುತ್ತದೆ ಅಂತ ಅವಳ ಲೆಕ್ಕಾಚಾರ. ಕಥೆಗಳಲ್ಲಿ ಹಾಗೇ ಆಗುವುದು ತಾನೇ?

ಇಲ್ಲಿ ಹಾಗಾಗಲಿಲ್ಲ.

“ಅವತ್ತೂ ನೀನೇ! ಇವತ್ತೂ ನೀನೇ!” ಅವಳು ಚೀರಿದಳು. “ನನ್ನ ಒಳ್ಳೇದಕ್ಕೆ, ನನ್ನ ಒಳ್ಳೇದಕ್ಕೆ ಅಂತ ಎಲ್ಲರೂ ಸೇರಿ ನನ್ನ ಕಣ್ಣು ಕಟ್ಟೋದೇ ಆಯ್ತು! ನಾನೇನು ಗಾಜಿನ ಬೊಂಬೆನಾ ಅಕ್ಕಾ?”

ಅಕ್ಕ ಅತ್ತಳು. “ತಪ್ಪಾಯ್ತು ಕಣೇ. ಎರಡು ಸಲವೂ ತಪ್ಪಾಯ್ತು.”

ಎರಡು ವರ್ಷದಿಂದ ಯಾರ ಬಾಯಲ್ಲೂ ಬರದ ಮಾತು ಅದು. ಅದನ್ನು ಕೇಳಿದ ಮೇಲೆ ಅವಳಿಗೂ ಅಳು ತಡೆಯಲಿಲ್ಲ. ಆದರೆ ಅತ್ತು ಮುಗಿದ ಕೂಡಲೇ ಚಪ್ಪಲಿ ಮೆಟ್ಟಿಕೊಂಡಳು.

“ಎಲ್ಲಿಗೇ?”

“ಅವನಿಗೂ ಇದೆ ಇವತ್ತು!”

* * *

ಗೋದಾಮಿನ ಬಾಗಿಲಲ್ಲೇ ಯಜಮಾನರು ಸಿಕ್ಕಿದರು.

“ಬಂದ್ರಾ ತಾಯಿ! ನಿಮ್ಮ ಹುಡುಗನಿಗೆ ಏನಾಗಿದೆ ಸ್ವಲ್ಪ ನೋಡಿ. ಬಂದವರಿಗೆಲ್ಲ ‘ಇಲ್ಲಿ ಬಿರುಕಿದೆ, ಇಲ್ಲಿ ಅಂಟು ತುಂಬಿದೆ, ಇದು ನಾನೇ ಒಡೆದು ಕೂಡಿಸಿದ್ದು’ ಅಂತ ಬೆರಳಿಟ್ಟು ತೋರಿಸ್ತಿದ್ದಾನೆ. ಹರಿಶ್ಚಂದ್ರನ್ನ ಕೆಲಸಕ್ಕಿಟ್ಟುಕೊಂಡ ಹಾಗಾಯ್ತು ನಂದು!”

ಅವನು ಮಷೀನಿನ ಹತ್ತಿರ ನಿಂತಿದ್ದ. ಅವಳನ್ನು ಕಂಡ ಕೂಡಲೇ ಮಷೀನ್ ಆರಿಸಿದ. ಸೊರಗಿದ್ದ.

“ಬೇರೆ ಯಾರಿಗೆ ಗೊತ್ತು ಅಂತ ಕೇಳಿದ್ದೆ,” ಅಂದಳು ಅವಳು. “ಯಾರಿಗೂ ಇಲ್ಲ ಅಂದ್ರಿ. ಅದೂ ಸುಳ್ಳು!”

“ಅಕ್ಕನಿಗೆ ಮಾತು ಕೊಟ್ಟಿದ್ದೆ...”

“ನನಗೂ ಕೊಟ್ಟಿದ್ರಿ! ನನಗೆ ಮೊದಲು ಕೊಟ್ಟಿದ್ರಿ! ಅಕ್ಕನ್ನ ಕಾಪಾಡಿ ದೊಡ್ಡ ಮನುಷ್ಯ ಆದ್ರಿ, ಅಲ್ವಾ? ಅದರಲ್ಲಿ ಮತ್ತೆ ಮೋಸ ಹೋದವಳು ಯಾರು?”

ಕಲ್ಲು ತೊಳೆಯುತ್ತಿದ್ದವರು ಪೈಪು ಹಿಡಿದುಕೊಂಡೇ ನಿಂತುಬಿಟ್ಟರು.

“ಆಣೆ ಒಂದು ನೆಪ,” ಅಂದ ಅವನು ನಿಧಾನವಾಗಿ. “ಆಣೆ ಹಾಕಿಸ್ಕೊಂಡಾಗ ಒಳಗೊಳಗೆ ನೆಮ್ಮದಿ ಆಗಿತ್ತು ನನಗೆ. ಕಲ್ಲಿನ ತಪ್ಪು ಹೇಳೋಕೆ ನನಗೆ ಬಾಯಿ ಬರುತ್ತೆ. ನನ್ನ ಕೈತಪ್ಪು ಹೇಳೋಕೆ ಬರಲಿಲ್ಲ. ಹೇಳಿದ್ರೆ ನೀನು ಹೋಗಿಬಿಡ್ತೀಯ ಅಂತ ಹೆದರಿದೆ. ಅಕ್ಕನ ಮೇಲೆ ಹಾಕಬೇಡ. ಮುಚ್ಚಿಟ್ಟವನು ನಾನು.”

ಅವಳು ಅವನ ಮುಖವನ್ನೇ ನೋಡಿದಳು. ಈ ಸಲ ಅವನು ತಲೆ ತಗ್ಗಿಸಲಿಲ್ಲ.

“ಇನ್ನೇನು ಮುಚ್ಚಿಟ್ಟಿದ್ದೀರಿ? ಎಲ್ಲ ಇವತ್ತೇ ಹೇಳಿಬಿಡಿ. ಈಗಲೇ!”

ಅವನು ಯೋಚಿಸಿದ. ನಿಜವಾಗಿಯೂ ಯೋಚಿಸಿದ.

“ಮೂರನೇ ಸಲ ಅಳತೆಗೆ ಬಂದಾಗ ಟೇಪೇ ತಂದಿರಲಿಲ್ಲ.”

“ಅದು ಗೊತ್ತು. ಮುಂದೆ?”

“ನಿನ್ನ ಫೋಟೋ ನೋಡಿ ನಮ್ಮಮ್ಮ ‘ಹುಡುಗಿ ಸ್ವಲ್ಪ ಜಗಳಗಂಟಿ ಥರ ಕಾಣ್ತಾಳೆ’ ಅಂದ್ರು.”

“ಮುಂದೆ!”

ಅವನು ಒಂದು ಹೆಜ್ಜೆ ಹಿಂದೆ ಸರಿದ.

“ನನಗೆ... ಸಿಹಿ ಇಷ್ಟ ಇಲ್ಲ.”

“ಅಂದ್ರೆ?”

“ಕೇಕು. ಚಿಕ್ಕಂದಿನಿಂದಲೂ ಆಗಲ್ಲ.”

ಅವಳು ಬಾಯಿ ತೆರೆದು ನಿಂತಳು. “ಐದು ತಿಂಗಳು! ಬಂದಾಗಲೆಲ್ಲ ತಟ್ಟೆ ಖಾಲಿ ಮಾಡ್ತಿದ್ದೆಯಲ್ಲೋ!”

“ತಿಂದೆ. ಒಂದು ಚೂರೂ ಬಿಟ್ಟಿಲ್ಲ.”

ಹಿಂದೆ ಯಾರೋ ಪುಸಕ್ಕನೆ ನಕ್ಕರು. ಅವಳಿಗೂ ನಗು ಬಂತು. ಅದನ್ನು ತಡೆಯಲು ಹೋಗಿ ಕಣ್ಣೀರು ಬಂತು.

“ನಾನಿನ್ನೂ ಕ್ಷಮಿಸಿಲ್ಲ,” ಅಂದಳು.

“ಗೊತ್ತು.”

“ಇನ್ಮೇಲೆ ನನಗೆ ನೋವಾಗುತ್ತೆ ಅಂತ ಗೊತ್ತಿದ್ರೂ ಹೇಳ್ತೀಯಾ? ಹೇಳಿದ್ರೆ ನಾನು ಅಳ್ತೀನಿ. ಕೂಗಾಡ್ತೀನಿ.”

“ಅಳು. ಪಕ್ಕದಲ್ಲೇ ಕೂತಿರ್ತೀನಿ. ಕೂಗಾಡೋದು ಹೇಗೂ ಇಡೀ ಗೋದಾಮಿಗೆ ಗೊತ್ತಾಯ್ತಲ್ಲ.”

“ಹಾಗಾದ್ರೆ ಇನ್ನೊಂದು ನಿಜ ಹೇಳು. ಕೊನೇದು.”

ಅವನು ಕೈಯ ಪುಡಿಯನ್ನು ಅಂಗಿಗೆ ಒರೆಸಿಕೊಂಡ. ಅಂಗಿಯೂ ಪುಡಿಯೇ ಆಗಿತ್ತು.

“ನೀನಿಲ್ಲದೆ ನನಗೆ ಆಗ್ತಿಲ್ಲ ಪುಟ್ಟಿ.”

ಅವಳು ಆ ಪುಡಿಗೈಯನ್ನೇ ಹಿಡಿದುಕೊಂಡಳು.

“ನನಗೂ ಆಗ್ತಿಲ್ಲ ಕಣೋ,” ಅಂದಳು. “ಇದನ್ನ ಮೂರು ವಾರದಿಂದ ಮುಚ್ಚಿಟ್ಟಿದ್ದೆ.”