ಗುರುತಿಲ್ಲದ ಡಿಎನ್ಎ

"ಕೊಟ್ರೇಶ ನಿನ್ನ ಟ್ಯೂಬ್ ಅದಲು ಬದಲು ಮಾಡೇ ಇಲ್ಲ ಶೋಭಾ. ತಪ್ಪು ನಿಂದ ಐತಂತ."

ಗೆಳತಿ ಮುನವ್ವರ ಫೋನಿನ್ಯಾಗ ಹೀಂಗಂದಾಗ ಶೋಭಾರಾಣಿ ಕೊಪ್ಪಳ ಬಸ್ ಸ್ಟ್ಯಾಂಡಿನ್ಯಾಗ ಕಾರಟಗಿ ಬಸ್ಸಿಗೆ ಕಾಯಾಕತ್ತಿದ್ಲು. ಕಚ್ಚಿದ ಮಿರ್ಚಿ ಬಾಯಾಗ ಉಳೀತು.

ಎಂಎಸ್ಸಿ ಪ್ರಾಜೆಕ್ಟಿನ್ಯಾಗ ಆಕಿ ರಕ್ತದ ಬಿಳಿ ಕಣಗಳಿಗೆ ಎರಡು ನಮೂನಿ ಡಿಎನ್ಎ ಕೊಟ್ಟಿದ್ಲು. ಒಂದು ಬ್ಯಾಕ್ಟೀರಿಯಾದ್ದು, ಇನ್ನೊಂದು ಮನುಷ್ಯಾರ ಜೀನು. ಮೊದಲನೇದ್ದಕ್ಕ ಕಣಗೋಳು ಸಿಟ್ಟಿಗೇಳಬೇಕು, ಎರಡನೇದ್ದಕ್ಕ ತೆಪ್ಪಗಿರಬೇಕು. ಎರಡಕ್ಕೂ ಜಗಳಕ್ಕ ಬಿದ್ವು! ಟ್ಯೂಬಿಗೆ ಹೆಸರು ಬರದಾಂವ ಆಕಿ ಬ್ಯಾಚಿನ ಕೊಟ್ರೇಶ. ಟ್ಯೂಬ್ ಅದಲು ಬದಲು ಮಾಡಿ ಬೇಕಂತ ಕೆಡಿಸಿದಿ ಅಂತ ಆಕಿ ಅವಂಗ ಎಲ್ಲಾರ ಮುಂದ ಅಂದುಬಿಟ್ಲು. ಅಂವ ಕನ್ನಡಕ ತಗದು ಅಂಗಿ ಚುಂಗಿಲೆ ಒರಸಿ ಒಮ್ಮೆ ನೋಡಿದ, ಅಷ್ಟ. ಪ್ರಾಜೆಕ್ಟು ಕೆಟ್ಟಿತಂತ ಆವತ್ತಿಂದ ಆಕಿ ಲ್ಯಾಬಿನ ಮೂಲ್ಯಾಗ ಕುಂತು ಅಳತಿದ್ಲು. ಈಗ ಅಂವ ನನ್ನ ಬ್ಯಾರೆ ಬ್ಯಾಚಿಗೆ ಹಾಕ್ರಿ ಅಂತ ಗೈಡ್ ಸರ್‌ಗೆ ಕೇಳ್ಯಾನಂತ.

ಮುನವ್ವರಳ ಫೋನಿಟ್ಟು ಆಕಿ ಅವಂಗ ಹಚ್ಚಿದ್ಲು. ಎತ್ತಿದ.

ಪಾಠ ಹೇಳೂಹಂಗ ಎಲ್ಲಾ ಬಿಡಿಸಿ ಹೇಳಿದ. ಡಿಎನ್ಎದಾಗ ಸಿ ಅನ್ನೂ ಅಕ್ಷರದ ಬಾಜೂಕ ಜಿ ಬಂದಲ್ಲಿ ನಮ್ಮ ಮೈ ಮೀಥೈಲ್ ಅಂತ ಒಂದು ಗುರುತು ಹಚ್ಚಿರತೈತಿ. ಆಕಿ ಜೀನು ಮನುಷ್ಯಾರದ್ದ ಖರೆ, ಬೆಳಸಿದ್ದು ಮಾತ್ರ ಬ್ಯಾಕ್ಟೀರಿಯಾದಾಗ. ಅದು ಆ ಗುರುತು ಹಚ್ಚಂಗಿಲ್ಲ. ಪಾಪ, ಹೊರಗಿನವ ಬಂದ ಅಂತ ಕಣ ಕೈ ಎತ್ತಿದ್ವು. ಅಂವ ಗುರುತು ಹಚ್ಚಿ ಮತ್ತ ಕೊಟ್ಟು ನೋಡ್ಯಾನ, ತಣ್ಣಗ ಕುಂತಾವಂತ.

"ನನ್ನ ಪ್ರಾಜೆಕ್ಟು ನೀ ಯಾಕ ಮಾಡಿದಿ?"

"ನೀ ಅಳೂದು ನೋಡಾಕ ಆಗಲಿಲ್ಲ." ಆಮ್ಯಾಲ ಸಣ್ಣಗ ನಕ್ಕ. "ಆ ಗುರುತು ಹಚ್ಚಿದ್ರ ಎಷ್ಟೋ ಜೀನು ಬಾಯಿ ಮುಚ್ಚತಾವು. ನಿನಗೂ ಒಂಚೂರು ಹಚ್ಚಬೇಕಿತ್ತು."

ಶೋಭಾಗ ನಗುವೂ ಬಂತು, ಕಣ್ಣೀರೂ ಬಂತು. ಬಾಜೂಕ ನಿಂತಿದ್ದ ಯಾರೋ ಅವ್ವಾರು ತಿರುಗಿ ನೋಡಿದ್ರು.

"ಎಲ್ಲಾರ ಮುಂದ ಬೈದೀನಿ, ಎಲ್ಲಾರ ಮುಂದ ತಪ್ಪಾತು ಅಂತೀನಿ. ಬ್ಯಾಚ್ ಬಿಡಬ್ಯಾಡ."

"ಪ್ರಾಜೆಕ್ಟಿಗೆ ಬೇಕಾಗೀನಿ, ಇಲ್ಲಾ ನಿನಗ?"

ಬಸ್ಸು ಬಂದು ಹಾರ್ನ್ ಹೊಡದ್ರೂ ಆಕಿ ಹತ್ತಲಿಲ್ಲ.

"ನನಗ," ಅಂದ್ಲು. ಎದಿ ಮ್ಯಾಲಿಂದ ಬಂಡಿ ಹೊರೆ ಇಳದಂಗಾತು.

 ಅಂವ, ಬ್ಯಾಚ್ ಬದಲಿಸೂದು ಬ್ಯಾಡ ಅಂತ ಸರ್‌ಗೆ ಹೇಳ್ತೀನಿ ಅಂದ.

"ನಾಳೆ ಲ್ಯಾಬ್ ತೆರಿಯೂಕಿಂತ ಮೊದ್ಲ ಬಾ ಶೋಭಾ. ಎಲ್ಲಾರ ಮುಂದ ತಪ್ಪಾತು ಅನ್ನೂದು ಆಮ್ಯಾಲ. ಮೊದಲ ಈಗ ಅಂದಿದ್ದು ನನ್ನೊಬ್ಬನ ಮುಂದ ಹೇಳು."